ತಿರುಗುವ ಕಾಂಪೋಸ್ಟ್ ಡ್ರಮ್: ಅರ್ಧ ಕೆಲಸಕ್ಕೆ ಪೂರ್ತಿ ಅಂಕ

ಎರಡು ಖಾನೆಯ, ಕೈಯಲ್ಲಿ ತಿರುಗಿಸುವ ಪ್ಲಾಸ್ಟಿಕ್ ಡ್ರಮ್ ಇದು. ಒಟ್ಟು 160 ಲೀಟರ್, ಖಾನೆಗೆ 80. ಕಬ್ಬಿಣದ ನಾಲ್ಕು ಕಾಲಿನ ಮೇಲೆ ಅಡ್ಡಡ್ಡ ಕೂತಿರುತ್ತದೆ. ನಡುವೆ ಡ್ರಮ್ ತಿರುಗಲು ಒಂದು ಕೊಳವೆಯ ಅಚ್ಚು (ಆಕ್ಸಲ್), ಪ್ರತಿ ಖಾನೆಗೂ ಒಂದು ಜಾರುಬಾಗಿಲು. ಇದೇ ನಮೂನೆಯದು ಬೇರೆ ಬೇರೆ ಹೆಸರಲ್ಲಿ ಸಿಗುತ್ತದೆ, ಒಳಗಿನ ರಚನೆ ಹೆಚ್ಚುಕಮ್ಮಿ ಒಂದೇ. ಹಾಗಾಗಿ ತಯಾರಕರ ಹೆಸರು ಹಿಡಿದು ಬರೆಯುವುದಿಲ್ಲ. ಈ ಜಾತಿಯ ಡ್ರಮ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದಷ್ಟೇ ನನ್ನ ವಿಷಯ.

ತೀರ್ಪು ಮೊದಲೇ ಕೊಡುತ್ತೇನೆ, ಪೂರ್ತಿ ಓದಲು ಪುರುಸೊತ್ತಿಲ್ಲದವರು ಇಲ್ಲಿಗೇ ನಿಲ್ಲಬಹುದು. ಅಡುಗೆಮನೆಯ ಹಸಿ ಕಸವನ್ನು ನಾತ ಬಾರದಂತೆ, ಇಲಿ ಹೆಗ್ಗಣ ಮುಟ್ಟದಂತೆ ಅರೆಕೊಳೆತ ಹದಕ್ಕೆ ತರಲು ಇದು ಒಳ್ಳೆಯ ಸಾಧನ. ಅದರಾಚೆಗಿನ ಅರ್ಧ ಕೆಲಸ ಆಗುವುದು ನೆಲದ ಮೇಲಿನ ಗುಡ್ಡೆಯಲ್ಲಿ. ಡ್ರಮ್ ಕೊಂಡ ಮಾತ್ರಕ್ಕೆ ಗುಡ್ಡೆ ಬೇಡವಾಗುತ್ತದೆ ಎಂದುಕೊಂಡವರಿಗೆ ನಿರಾಸೆ ಖಂಡಿತ.

ನಾನು ಜೀವಮಾನವೆಲ್ಲ ದುಡಿದದ್ದು ಯಂತ್ರ ರಿಪೇರಿಯಲ್ಲಿ. ಮನೆಗೆ ಏನೇ ಬರಲಿ, ನನ್ನ ಕಣ್ಣು ಮೊದಲು ಹೋಗುವುದು ನಟ್ಟು ಬೋಲ್ಟಿಗೆ. ಇಲ್ಲಿ ಡ್ರಮ್ಮಿನ ಮೈ ಒಂದೇ ಎರಕದ್ದಲ್ಲ, ಪಟ್ಟಿ ಪಟ್ಟಿಯಾಗಿ ಬರುತ್ತದೆ, ನಾವೇ ಜೋಡಿಸಬೇಕು. ಸ್ಕ್ರೂಗಳು ಹಿಡಿಯೇ ಹಿಡಿ. ಎಲ್ಲವನ್ನೂ ಮೊದಲು ಸಡಿಲವಾಗಿ ಕೂರಿಸಿ, ಆಮೇಲೆ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬಂದರೆ ಮೈ ಸೊಟ್ಟಗಾಗದೆ ಕೂರುತ್ತದೆ. ಕರೆಂಟಿನ ಸ್ಕ್ರೂಡ್ರೈವರ್ ಹಿಡಿದು ಅವಸರ ಮಾಡಬೇಡಿ. ಪ್ಲಾಸ್ಟಿಕ್ಕಿನಲ್ಲಿ ಸ್ಕ್ರೂ ಹಿಡಿಯುವ ಸುರುಳಿಗೆರೆ ಒಮ್ಮೆ ಹರಿಯಿತೆಂದರೆ ಆ ತೂತಿನಲ್ಲಿ ಇನ್ನೆಂದೂ ಸ್ಕ್ರೂ ನಿಲ್ಲುವುದಿಲ್ಲ.

ಪೆಟ್ಟಿಗೆಯಲ್ಲಿ ಬರುವುದು ಸತುವಿನ ಲೇಪದ ಸಾಮಾನ್ಯ ಸ್ಕ್ರೂ. ಒಳಗೆ ಸದಾ ತೇವ, ಕೊಳೆಯುವಾಗ ಹುಟ್ಟುವ ಹುಳಿ ಬೇರೆ. ಲೇಪ ಎಷ್ಟು ದಿನ ತಡೆದೀತು? ನಾನು ಜೋಡಿಸುವಾಗಲೇ ಅಷ್ಟನ್ನೂ ಸ್ಟೇನ್‌ಲೆಸ್ ಸ್ಟೀಲಿಗೆ ಬದಲಿಸಿದೆ, ಜೊತೆಗೆ ಅಗಲ ವಾಷರ್ ಹಾಕಿದೆ. ಕೊಳ್ಳುವವರಿಗೆಲ್ಲ ನನ್ನ ಮೊದಲ ಸಲಹೆ ಇದೇ. ಅಚ್ಚು ಕೂರುವ ಜಾಗದಲ್ಲಿ ಬೇರಿಂಗ್ ಇಲ್ಲ, ಬಳೆಯಂಥ ಪ್ಲಾಸ್ಟಿಕ್ ಬುಷ್ ಮಾತ್ರ. ಇದನ್ನು ಕೆಲವರು ದೊಡ್ಡ ದೋಷ ಅನ್ನುತ್ತಾರೆ, ನಾನು ಒಪ್ಪುವುದಿಲ್ಲ. ದಿನಕ್ಕೋ ಎರಡು ದಿನಕ್ಕೋ ನಾಲ್ಕು ಸುತ್ತು ತಿರುಗುವ ವಸ್ತುವಿಗೆ ಬೇರಿಂಗ್ ಹಾಕಿದರೆ ಅದು ತುಕ್ಕು ಹಿಡಿದು ಕೂರುವುದೇ ಮೊದಲು. ಬುಷ್ ಸಾಕು. ಗ್ರೀಸ್ ಕೂಡ ಬೇಡ, ದೂಳು ಅಂಟಿಸಿಕೊಂಡು ಉಜ್ಜುಕಾಗದದ ಕೆಲಸ ಮಾಡುತ್ತದೆ.

ತೂಕದ ಲೆಕ್ಕ ಮಾತ್ರ ಎಲ್ಲರೂ ಮಾಡಿಕೊಳ್ಳಬೇಕು. ಕೊಳೆಯುತ್ತಿರುವ ತೇವದ ಸಾಮಗ್ರಿ ಲೀಟರಿಗೆ ಅರ್ಧ ಕೆಜಿಯಿಂದ ಮುಕ್ಕಾಲು ಕೆಜಿ ತೂಗುತ್ತದೆ. ಎರಡೂ ಖಾನೆ ಮುಕ್ಕಾಲು ಭಾಗ ತುಂಬಿದವೆನ್ನಿ, 120 ಲೀಟರಿಗೆ 60ರಿಂದ 90 ಕೆಜಿ ಆಯಿತು. ಇದಷ್ಟೂ ಡ್ರಮ್ಮಿನ ತಳದಲ್ಲಿ ಕೂತಿರುತ್ತದೆ, ತಿರುಗಿಸುವುದೆಂದರೆ ಅದನ್ನು ಎತ್ತುವುದು ಎಂದೇ ಅರ್ಥ. ನೆತ್ತಿ ದಾಟಿದ ಮೇಲೆ ಧೊಪ್ಪೆಂದು ಆ ಕಡೆ ಬೀಳುತ್ತದೆ, ಡ್ರಮ್ ತಾನೇ ಓಡುತ್ತದೆ. ಕೈಬೆರಳು ಹುಷಾರು, ಮಕ್ಕಳಿದ್ದರಂತೂ ಇನ್ನೂ ಹುಷಾರು. ಕಾಲುಗಳು ಮಣ್ಣಿಗೆ ಇಳಿಯುತ್ತವೆ, ಒಂದು ಕಡೆ ಹೆಚ್ಚು ಇಳಿದರೆ ಅಚ್ಚು ವಾಲಿ ತಿರುಗುವುದು ಕಷ್ಟ. ನಾಲ್ಕು ಕಾಲಿಗೂ ಚಪ್ಪಟೆ ಕಲ್ಲು ಕೊಟ್ಟು ಮಟ್ಟ ನೋಡಿ ನಿಲ್ಲಿಸಿದರೆ ಆ ಕಾಟವಿಲ್ಲ.

ನಿಜವಾದ ದೋಷವಿರುವುದು ಬಾಗಿಲಲ್ಲಿ. ಅದು ಜಾರುವ ಜಾಡಿನಲ್ಲಿ ಮಣ್ಣಿನ ಕಣ ಸೇರಿಕೊಂಡು ಬಾಗಿಲು ಅರ್ಧಕ್ಕೇ ನಿಲ್ಲುತ್ತದೆ. ಎಳೆದರೆ ಹಿಡಿಕೆ ಬಾಗುತ್ತದೆ. ಹಳೆ ಹಲ್ಲುಜ್ಜುವ ಬ್ರಷ್ ಒಂದನ್ನು ದಾರ ಕಟ್ಟಿ ಕಾಲಿಗೆ ನೇತುಹಾಕಿದ್ದೇನೆ, ತೆರೆಯುವ ಮೊದಲು ಜಾಡನ್ನು ಎರಡು ಸಲ ಉಜ್ಜಿದರೆ ಸರಾಗ. ನಡುವಿನ ತಡೆಹಲಗೆಯೂ ಅಷ್ಟೇನೂ ಬಿಗಿಯಲ್ಲ, ಅಂಚಿನ ಸಂದಿಯಿಂದ ಸಣ್ಣ ಪುಡಿ ಆ ಖಾನೆಯಿಂದ ಈ ಖಾನೆಗೆ ಹೋಗುತ್ತಿರುತ್ತದೆ. ಅದರಿಂದ ನಷ್ಟವೇನಿಲ್ಲ.

ಇನ್ನು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದದ್ದು: ಎರಡೇ ವಾರದಲ್ಲಿ ಗೊಬ್ಬರ.

ಎರಡು ವಾರದ ಮಾತು ಆಕಾಶದಿಂದ ಉದುರಿದ್ದಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಸಸ್ಯರೋಗ ತಜ್ಞರಾಗಿದ್ದ ರಾಬರ್ಟ್ ರಾಬೆ ಹೇಳಿಕೊಟ್ಟ ಶೀಘ್ರ ವಿಧಾನವೊಂದಿದೆ, ಅದರಲ್ಲಿ ಎರಡು ಮೂರು ವಾರದಲ್ಲಿ ಗೊಬ್ಬರ ಆಗುತ್ತದೆ. ಆದರೆ ಆ ವಿಧಾನದ ಷರತ್ತುಗಳನ್ನು ಪೆಟ್ಟಿಗೆ ಹೇಳುವುದಿಲ್ಲ. ಎಲ್ಲವನ್ನೂ ಅರ್ಧ ಇಂಚಿನಿಂದ ಒಂದೂವರೆ ಇಂಚಿನ ಒಳಗೆ ಕತ್ತರಿಸಬೇಕು. ಗುಡ್ಡೆ ಉದ್ದ, ಅಗಲ, ಎತ್ತರ ಮೂರರಲ್ಲೂ ಕನಿಷ್ಠ ಮೂರು ಅಡಿ ಇರಬೇಕು. ದಿನವೂ ಮಗುಚಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಒಮ್ಮೆ ಗುಡ್ಡೆ ಹಾಕಿದ ಮೇಲೆ ಹೊಸದಾಗಿ ಏನನ್ನೂ ಸೇರಿಸುವಂತಿಲ್ಲ. ಮನೆಯ ಕಸ ಬರುವುದು ಹಾಗಲ್ಲವಲ್ಲ. ಇವತ್ತೊಂದು ಬೊಗಸೆ ಸಿಪ್ಪೆ, ನಾಳೆ ಇನ್ನೊಂದು ಬೊಗಸೆ. ಹೊಸದು ಬೀಳುತ್ತಲೇ ಇದ್ದರೆ ಹಳೆಯದು ಮುಗಿಯಿತು ಎನ್ನುವ ದಿನವೇ ಬರುವುದಿಲ್ಲ. ಎರಡು ಖಾನೆ ಕೊಟ್ಟಿರುವುದು ಅದಕ್ಕೇ. ಒಂದು ತುಂಬುವವರೆಗೆ ಅದಕ್ಕೇ ಹಾಕಿ, ತುಂಬಿದ ಮೇಲೆ ಅದರ ಬಾಗಿಲು ಮುಚ್ಚಿ ಮರೆತುಬಿಡಬೇಕು. ಈ ಶಿಸ್ತು ಇಲ್ಲದವರು ಒಂದೇ ಖಾನೆಯ ಡ್ರಮ್ಮನ್ನೇ ಕೊಳ್ಳಬಹುದು, ವ್ಯತ್ಯಾಸವೇನೂ ಆಗದು.

ಬಿಸಿಯ ಪ್ರಶ್ನೆ ಇನ್ನೊಂದು. ಕೊಳೆಯುವ ರಾಶಿಯಲ್ಲಿ ಶಾಖ ಹುಟ್ಟಿಸುವುದು ಒಳಗಿನ ಸೂಕ್ಷ್ಮಜೀವಿಗಳು, ಕಳೆದುಕೊಳ್ಳುವುದು ಹೊರಮೈ. ಉದ್ದ, ಅಗಲ, ಎತ್ತರ ಮೂರೂ ಒಂದು ಮೀಟರ್ ಇರುವ ಗುಡ್ಡೆಯಲ್ಲಿ ಸಾವಿರ ಲೀಟರ್ ಸಾಮಗ್ರಿಗೆ ಆರು ಚದರ ಮೀಟರ್ ಮೈ ಇರುತ್ತದೆ. 80 ಲೀಟರಿನ ಅಂಥದೇ ಘನಾಕಾರಕ್ಕೆ ಬದಿ ಸುಮಾರು 43 ಸೆಂಟಿಮೀಟರ್, ಮೈ 1.1 ಚದರ ಮೀಟರ್. ಸಾವಿರ ಲೀಟರಿನ ಲೆಕ್ಕಕ್ಕೆ ತಂದರೆ ಸುಮಾರು 14. ಎಂದರೆ ಡ್ರಮ್ಮಿನ ಖಾನೆ ಪ್ರತಿ ಲೀಟರಿಗೆ ಎರಡು ಪಟ್ಟಿಗಿಂತ ಹೆಚ್ಚು ಮೈಯಿಂದ ಶಾಖ ಬಿಡುತ್ತದೆ. ಕಡ್ಡಿ ಥರ್ಮಾಮೀಟರ್ ಚುಚ್ಚಿ ನೋಡುವುದು ನನಗೊಂದು ಚಟ. ಡ್ರಮ್ಮಿನಲ್ಲಿ ಮುಳ್ಳು ನಲವತ್ತರ ಆಸುಪಾಸಿಗೆ ಬಂದು ಇಳಿಯುತ್ತದೆ. ಹುಲ್ಲು ಕತ್ತರಿಸಿ ಹಾಕಿದ ವಾರದಲ್ಲಿ ಇನ್ನಷ್ಟು ಏರಿದ್ದಿದೆ, ನಿಂತದ್ದಿಲ್ಲ. ಕಳೆಬೀಜ, ರೋಗಾಣು ಸಾಯಬೇಕಾದರೆ 55 ಡಿಗ್ರಿ ಸೆಲ್ಸಿಯಸ್ ದಾಟಿ ಕೆಲವು ದಿನ ಅಲ್ಲೇ ನಿಲ್ಲಬೇಕು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ನಿಯಮದಲ್ಲಿ ಮುಚ್ಚಿದ ಪಾತ್ರೆಗೆ 55 ಡಿಗ್ರಿಯಲ್ಲಿ ಮೂರು ದಿನ, ಬಯಲಿನ ಸಾಲುಗುಡ್ಡೆಗೆ 15 ದಿನ ಮತ್ತು ಅಷ್ಟರಲ್ಲಿ ಐದು ಸಲ ಮಗುಚುವುದು ಎಂದಿದೆ. ಅದು ದೊಡ್ಡ ಘಟಕಗಳಿಗೆ ಮಾಡಿದ ನಿಯಮ ನಿಜ, ಆದರೆ ಶಾಖದ ಅಂದಾಜಿಗೆ ಅಷ್ಟು ಸಾಕು. ಬೀಜ ಕಟ್ಟಿದ ಕಳೆಯನ್ನೂ ರೋಗ ಬಂದ ಗಿಡವನ್ನೂ ನಾನು ಈ ಡ್ರಮ್ಮಿಗೆ ಹಾಕದಿರುವುದು ಇದೇ ಕಾರಣಕ್ಕೆ.

ಜೊತೆಗೊಂದು ಪೊಟ್ಟಣ ಸ್ಟಾರ್ಟರ್ ಪುಡಿ ಬಂದಿತ್ತು. ಬೇಕಾಗಿರಲಿಲ್ಲ. ಕೊಳೆಸುವ ಜೀವಿಗಳು ಸಿಪ್ಪೆಯ ಮೇಲೆ, ಎಲೆಯ ಮೇಲೆ, ಮಣ್ಣಿನಲ್ಲಿ ಆಗಲೇ ಇವೆ. 1924ರಿಂದ 1931ರವರೆಗೆ ಇಂದೋರಿನಲ್ಲಿ ಗೊಬ್ಬರದ ಪ್ರಯೋಗ ನಡೆಸಿದ ಬ್ರಿಟಿಷ್ ಕೃಷಿ ವಿಜ್ಞಾನಿ ಆಲ್ಬರ್ಟ್ ಹೊವಾರ್ಡ್ ಅವರ ತಂಡ ಹೊಸ ಗುಡ್ಡೆಗೆ ಹಳೆ ಗುಡ್ಡೆಯದೇ ಒಂದು ಪಾಲು ಬೆರೆಸುತ್ತಿತ್ತು. ಅದನ್ನೇ ನಾನೂ ಮಾಡುವುದು: ಖಾನೆ ಖಾಲಿ ಮಾಡುವಾಗ ತಳದಲ್ಲಿ ಎರಡು ಹಿಡಿ ಬಿಟ್ಟಿರುತ್ತೇನೆ.

ಇಲ್ಲಿಯವರೆಗಿನದು ಡ್ರಮ್ಮಿನ ಮಾತು. ಆದರೆ ಇಂಥ ವಸ್ತು ಚೆನ್ನಾಗಿದೆ ಚೆನ್ನಾಗಿಲ್ಲ ಎಂದು ಜಗಳವಾಡುವವರಲ್ಲಿ ಹೆಚ್ಚಿನವರು ಜಗಳವಾಡುತ್ತಿರುವುದು ತಾವು ಒಳಗೆ ಹಾಕಿದ್ದರ ಬಗ್ಗೆ.

ಕೈಪಿಡಿಯಲ್ಲಿ ಒಂದು ಸಾಲಿದೆ: ಹಸಿ ಕಸ, ಒಣ ಕಸ ಸಮ ಪ್ರಮಾಣದಲ್ಲಿ ಹಾಕಿ. ಸಮ ಎಂದರೆ ತೂಕದಲ್ಲೋ ಅಳತೆಯಲ್ಲೋ? ಹೇಳಿಲ್ಲ. ಸಾಮಾನ್ಯರು ಏನು ಮಾಡುತ್ತಾರೆ, ಒಂದು ಡಬ್ಬ ಸಿಪ್ಪೆಗೆ ಒಂದು ಡಬ್ಬ ಎಲೆ ಹಾಕುತ್ತಾರೆ. ಹೀಗೆ ಮಾಡಿದರೆ ಒಳಗೆ ಕೆಸರು ಖಾತ್ರಿ. ಲೆಕ್ಕ ಹಾಕಿ ನೋಡಿ. ಒಂದು ಕೆಜಿ ತರಕಾರಿ ಸಿಪ್ಪೆಯಲ್ಲಿ ಸುಮಾರು 850 ಗ್ರಾಂ ಬರೀ ನೀರು. ಅರ್ಧ ಕೆಜಿ ಒಣ ತರಗೆಲೆಯಲ್ಲಿ ನೀರು 50 ಗ್ರಾಂ ಇದ್ದೀತು. ಎರಡನ್ನೂ ಸೇರಿಸಿದರೆ ಒಂದೂವರೆ ಕೆಜಿಯಲ್ಲಿ 900 ಗ್ರಾಂ ನೀರು, ಅಂದರೆ ಶೇಕಡ 60. ಕಾಂಪೋಸ್ಟಿಗೆ ಬೇಕಾದ ತೇವ ಶೇಕಡ 50ರಿಂದ 60. ಸರಿಯಾಗಿ ಗಡಿಯಲ್ಲಿ ಬಂದು ನಿಂತಿತು.

ಇಂಗಾಲ ಸಾರಜನಕದ ಲೆಕ್ಕವೂ ಇದೇ ಹದಕ್ಕೆ ಬರುತ್ತದೆ. ಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇದ್ದರೆ ಚುರುಕು. ತರಕಾರಿ ಸಿಪ್ಪೆಯಲ್ಲಿ ಅದು 15ರ ಆಸುಪಾಸು, ಒಣ ಎಲೆಯಲ್ಲಿ ಮರ ಯಾವುದು ಎಂಬುದರ ಮೇಲೆ 40ರಿಂದ 80. ಮೇಲಿನ ಒಂದು ಕೆಜಿ, ಅರ್ಧ ಕೆಜಿ ಬೆರಕೆಯಲ್ಲಿ 35ರ ಹತ್ತಿರ ಬರುತ್ತದೆ. ಸ್ವಲ್ಪ ನಿಧಾನ, ಆದರೆ ನಾತವಿಲ್ಲ. ಮನೆಯ ಹತ್ತಿರ ಇಡುವ ಡ್ರಮ್ಮಿಗೆ ಈ ಕಡೆ ವಾಲುವುದೇ ಲೇಸು. ಈಗ ಆ ಅರ್ಧ ಕೆಜಿ ಎಲೆಯನ್ನು ಕಣ್ಣಳತೆಯಲ್ಲಿ ನೋಡಿ. ಸಿಪ್ಪೆ ಎರಡು ಲೀಟರ್ ಜಾಗ ಹಿಡಿದರೆ, ಪುಡಿ ಮಾಡದ ತರಗೆಲೆ ಬಕೆಟ್ ತುಂಬುತ್ತದೆ. ಅಳತೆಯಲ್ಲಿ ಸಿಪ್ಪೆಗೆ ಮೂರು ನಾಲ್ಕು ಪಟ್ಟು. ಕೈಯಲ್ಲಿ ನುರಿದು ಹಾಕಿದರೆ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ, ಬೇಗ ಕೊಳೆಯುತ್ತದೆ ಕೂಡ.

ತರಗೆಲೆ ವರ್ಷವಿಡೀ ಉದುರುವುದಿಲ್ಲ. ಉದುರುವ ಕಾಲದಲ್ಲಿ ಚೀಲ ತುಂಬಿ ಮಳೆ ತಾಗದ ಕಡೆ ಇಟ್ಟುಕೊಳ್ಳುವುದು ಡ್ರಮ್ಮಿಗಿಂತ ಮುಖ್ಯವಾದ ತಯಾರಿ. ಚೀಲ ಖಾಲಿಯಾದರೆ ರಟ್ಟು ಇದೆ. ಹೊಳಪಿಲ್ಲದ ಕಂದು ರಟ್ಟನ್ನು ಅಂಟುಪಟ್ಟಿ, ಪಿನ್ನು ತೆಗೆದು ನೀರಲ್ಲಿ ನೆನೆಸಿ ಹರಿದು ಹಾಕುತ್ತೇನೆ. ಇಡಿಯಾಗಿ ಹಾಕಿದರೆ ಹಾಳೆಗೆ ಹಾಳೆ ಅಂಟಿ ಗಾಳಿ ಹೋಗದು. ಮರದ ಹೊಟ್ಟು ಹಾಕಬಹುದು, ಆದರೆ ಕೈ ಬಿಗಿ ಹಿಡಿಯಿರಿ: ಅದರಲ್ಲಿ ಇಂಗಾಲ ಸಾರಜನಕದ ಇನ್ನೂರು ಪಟ್ಟು, ಮುನ್ನೂರು ಪಟ್ಟು ಇರುತ್ತದೆ. ಬಣ್ಣ, ಪಾಲಿಶ್, ಅಂಟು ಬೆರೆತ ಹಲಗೆಯ ಹೊಟ್ಟಂತೂ ಬೇಡವೇ ಬೇಡ.

ಕಾಫಿ ಚರಟ ನೋಡಲು ಕಂದು, ಲೆಕ್ಕದಲ್ಲಿ ಹಸಿ ಕಸ. ಸಾರಜನಕ ಸಾಕಷ್ಟಿದೆ, ಒಂದಕ್ಕೆ ಸುಮಾರು 20. ಬಣ್ಣ ನೋಡಿ ಒಣ ಕಸದ ಖಾತೆಗೆ ಬರೆದುಕೊಂಡರೆ ಇಡೀ ಹದ ತಪ್ಪುತ್ತದೆ. ಚಹಾದ ಸೊಪ್ಪೂ ಹಾಗೆಯೇ. ಚಹಾದ ಚೀಲಗಳನ್ನು ಮಾತ್ರ ಬಿಚ್ಚಿ ಸೊಪ್ಪನ್ನಷ್ಟೇ ಹಾಕಿ, ಬಹಳಷ್ಟು ಚೀಲಗಳಲ್ಲಿ ಪ್ಲಾಸ್ಟಿಕ್ ನೂಲು ಇರುತ್ತದೆ. ಹಣ್ಣಿನ ಮೇಲಿನ ಪುಟ್ಟ ಸ್ಟಿಕ್ಕರೂ ಪ್ಲಾಸ್ಟಿಕ್ಕೇ. ಸಿದ್ಧ ಗೊಬ್ಬರ ಜರಡಿ ಹಿಡಿಯುವಾಗ ಆ ಸ್ಟಿಕ್ಕರ್ ಹೊಚ್ಚ ಹೊಸದಾಗಿ, ಅಕ್ಷರ ಓದುವ ಹಾಗೆ ಹೊರಬರುವುದನ್ನು ನೋಡಿದರೆ ಸಿಟ್ಟು ಬರುತ್ತದೆ.

ಮೊಟ್ಟೆಚಿಪ್ಪು ಹಾಕುತ್ತೇನೆ, ಒಣಗಿಸಿ ಪುಡಿ ಮಾಡಿ. ಅದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಕೊಳೆಯುವ ವಸ್ತುವೇ ಅಲ್ಲ, ಮೆಲ್ಲಗೆ ಕರಗಬೇಕು. ಇಡಿ ಚಿಪ್ಪು ಹಾಕಿದರೆ ವರ್ಷ ಕಳೆದರೂ ಪಾತಿಯಲ್ಲಿ ಬಿಳಿ ಚೂರು ಕಾಣುತ್ತಿರುತ್ತದೆ. ನಿಂಬೆ, ಕಿತ್ತಳೆ, ಈರುಳ್ಳಿ ಸಿಪ್ಪೆ ಹಾಕಬಾರದು ಎಂಬ ನಂಬಿಕೆಯಿದೆ. ಎರೆಹುಳುವಿನ ಪೆಟ್ಟಿಗೆಗೆ ಆ ಮಾತು ಸರಿ. ಡ್ರಮ್ಮಿನಲ್ಲಿ ಎರೆಹುಳುಗಳಿಲ್ಲ, ಸಣ್ಣಗೆ ಹೆಚ್ಚಿ ಮಿತವಾಗಿ ಹಾಕಿದರೆ ಬೇರೆ ಸಿಪ್ಪೆಯ ಜೊತೆ ಅದೂ ಕರಗುತ್ತದೆ. ಸೌದೆ ಬೂದಿ ಒಂದು ಹಿಡಿ ಸಾಕು. ಕ್ಷಾರ ಹೆಚ್ಚಾದರೆ ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ, ಮೂಗಿಗೇ ಗೊತ್ತಾಗುತ್ತದೆ. ಕಲ್ಲಿದ್ದಲ ಬೂದಿ ಒಂದು ಚಿಟಿಕೆಯೂ ಬೇಡ.

ತೋಟದ ಕಸದಲ್ಲಿ ನನಗೆ ತಲೆಬಿಸಿ ಮಾಡುವುದು ಹಸಿ ಹುಲ್ಲು. ಕತ್ತರಿಸಿದ ಹುಲ್ಲನ್ನು ಬುಟ್ಟಿಗಟ್ಟಲೆ ಸುರಿದರೆ ಡ್ರಮ್ ಚುರುಕಾಗಿ ಬಿಸಿಯಾಗುತ್ತದೆ, ಮರುದಿನ ಅಂಟಿಕೊಂಡು ಚಾಪೆಯಾಗುತ್ತದೆ, ಆಮೇಲೆ ಕೊಳೆತ ವಾಸನೆ. ಒಂದು ದಿನ ನೆಲದ ಮೇಲೆ ಹರಡಿ ಬಾಡಿಸಿ, ಎಲೆಯ ಜೊತೆ ಬೆರೆಸಿ ಸ್ವಲ್ಪ ಸ್ವಲ್ಪವೇ ಹಾಕಬೇಕು. ಇನ್ನೊಂದು ಅಪಾಯ ಕಣ್ಣಿಗೆ ಕಾಣುವಂಥದ್ದಲ್ಲ. ಅಗಲ ಎಲೆಯ ಕಳೆ ಕೊಲ್ಲಲು ಸಿಂಪಡಿಸುವ ಕ್ಲೋಪೈರಾಲಿಡ್, ಅಮಿನೊಪೈರಾಲಿಡ್ ಎಂಬ ಔಷಧಗಳು ಹುಲ್ಲಿನಲ್ಲಿ ಉಳಿಯುತ್ತವೆ, ಅದನ್ನು ತಿಂದ ದನದ ಸಗಣಿಯಲ್ಲೂ ಉಳಿಯುತ್ತವೆ, ಕಾಂಪೋಸ್ಟ್ ಆದ ಮೇಲೂ ಪೂರ್ತಿ ಹೋಗುವುದಿಲ್ಲ. ಅಂಥ ಗೊಬ್ಬರ ಹಾಕಿದ ಪಾತಿಯಲ್ಲಿ ಹುರುಳಿಕಾಯಿ, ಟೊಮೆಟೊ ಗಿಡದ ಎಲೆ ಮುರುಟಿಕೊಳ್ಳುತ್ತದೆ. ಹೊರಗಿನಿಂದ ಹುಲ್ಲು, ಸಗಣಿ ತರುವವರು ಏನು ಸಿಂಪಡಿಸಿದ್ದಾರೆ ಎಂದು ಕೇಳಿಯೇ ತರಬೇಕು.

ಕೊಂಬೆ, ಗಟ್ಟಿ ಕಾಂಡ, ಹಣ್ಣಿನ ಓಟೆ ಈ ಡ್ರಮ್ಮಿಗೆ ಸಲ್ಲವು. ಕಸ ಮಗುಚಲೆಂದು ಒಳಮೈಯಲ್ಲಿ ಕೊಟ್ಟಿರುವ ರೆಕ್ಕೆಗಳಿಗೆ ಸಿಕ್ಕಿಕೊಂಡು ತಿರುಗದಂತೆ ಮಾಡುತ್ತವೆ. ಅವಕ್ಕೆ ಜಾಗ ಗುಡ್ಡೆಯ ತಳ, ಅಲ್ಲಿದ್ದರೆ ಗಾಳಿಗೂ ದಾರಿಯಾಗುತ್ತದೆ.

ಮಾಂಸ, ಮೀನು, ಹಾಲಿನ ಪದಾರ್ಥ, ಎಣ್ಣೆ ಬೆರೆತ ಅಡುಗೆ ಇವನ್ನು ಮುಚ್ಚಿದ ಡ್ರಮ್ಮಾದ್ದರಿಂದ ಹಾಕಬಹುದು ಎಂದು ಕೈಪಿಡಿ ಹೇಳುತ್ತದೆ. ಇಲಿ ಒಳಗೆ ಬರಲಾರದು, ಸರಿ. ನಾತಕ್ಕೆ ಏನು ಮಾಡುವುದು? ಅದು ಗಾಳಿತೂತಿನಿಂದ ಹೊರಗೆ ಬರುತ್ತದಲ್ಲ. ನಾಯಿ ಬೆಕ್ಕಿನ ಮಲವನ್ನಂತೂ ಯಾರು ಏನೇ ಹೇಳಲಿ ತಿನ್ನುವ ಗಿಡದ ಗೊಬ್ಬರಕ್ಕೆ ಸೇರಿಸಬೇಡಿ. ದುಂಡುಹುಳುವಿನ ಮೊಟ್ಟೆ, ಬೆಕ್ಕಿನಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ರೋಗಾಣು, ಇವು ನಲವತ್ತು ಡಿಗ್ರಿಗೆ ಜಗ್ಗುವಂಥವಲ್ಲ.

ಕೊಳೆಯುವ ಪ್ಲಾಸ್ಟಿಕ್ ಎಂದು ಮಾರುವ ಚೀಲಗಳದ್ದು ಬೇರೆಯೇ ಕಥೆ. ಅವುಗಳ ಮೇಲೆ ಇಎನ್ 13432 ಎಂಬ ಯುರೋಪಿನ ಮಾನದಂಡದ ಗುರುತು ಇದ್ದರೆ ಅದು ಕೈಗಾರಿಕಾ ಘಟಕಕ್ಕೆ ಸಂಬಂಧಿಸಿದ್ದು: ಅಲ್ಲಿಯ ಶಾಖದಲ್ಲಿ ಹನ್ನೆರಡು ವಾರ ಇಟ್ಟು, ಎರಡು ಮಿಲಿಮೀಟರ್ ಜರಡಿಯಲ್ಲಿ ಶೇಕಡ ಹತ್ತಕ್ಕಿಂತ ಹೆಚ್ಚು ಉಳಿಯಬಾರದು ಎಂಬ ಪರೀಕ್ಷೆ. ನನ್ನ ಡ್ರಮ್ಮಿನಲ್ಲಿ ಆ ಶಾಖವೇ ಇಲ್ಲ. ಒಂದು ಚೀಲವನ್ನು ಬೇಕೆಂದೇ ಹಾಕಿ ನೋಡಿದೆ. ಹರಿದು ರೆಕ್ಕೆಗೆ ಸುತ್ತಿಕೊಂಡು ಕೂತಿತ್ತು, ಬಿಡಿಸಲು ಇಕ್ಕಳ ಬೇಕಾಯಿತು.

ತಿರುಗಿಸುವ ವಿಷಯಕ್ಕೆ ಬಂದರೆ, ದಿನವೂ ತಿರುಗಿಸಿದಷ್ಟೂ ಒಳ್ಳೆಯದು ಎಂಬ ಮಾತನ್ನು ನಂಬಬೇಡಿ. ಹಸಿ ಕಸ ಹೆಚ್ಚಿದ್ದಾಗ ತಿರುಗಿಸಿದಷ್ಟೂ ಉಂಡೆ ಕಟ್ಟುತ್ತದೆ. ಮೊದಲು ನೆಲ್ಲಿಕಾಯಿ ಗಾತ್ರ, ಆಮೇಲೆ ಚೆಂಡಿನ ಗಾತ್ರ. ಹೊರಮೈ ಕಪ್ಪಗೆ ಚೆನ್ನಾಗಿ ಕಾಣುತ್ತದೆ, ಒಡೆದರೆ ನಡುವೆ ಗಾಳಿಯಿಲ್ಲದೆ ಹುಳಿತ ಸಿಪ್ಪೆ. ಆ ಉಂಡೆ ಒಡೆಯಲು ನಾನು ಮೊಂಡು ಕಬ್ಬಿಣದ ಸಲಾಕೆಯೊಂದನ್ನು ಇಟ್ಟುಕೊಂಡಿದ್ದೇನೆ, ಜೊತೆಗೆ ಒಂದಷ್ಟು ಚೂರು ರಟ್ಟು ಸುರಿಯುತ್ತೇನೆ. ಹದ ಬಂದ ಮೇಲೆ ವಾರಕ್ಕೆ ಎರಡು ಮೂರು ಸಲ ತಿರುಗಿಸಿದರೆ ಧಾರಾಳ. ನನ್ನ ಹೆಂಡತಿ ಅಡುಗೆಮನೆ ಕಿಟಕಿಯಿಂದ ನೋಡಿ ಹೇಳುವುದು ಇಷ್ಟೇ: "ರೀ, ಅದನ್ನ ಸ್ವಲ್ಪ ಸುಮ್ನೆ ಬಿಡ್ರಿ, ತಲೆ ತಿರುಗೀತು ಅದಕ್ಕೆ." ಶಾಸ್ತ್ರದ ಪ್ರಕಾರವೂ ಆಕೆಯದೇ ಸರಿ. ಮಗುಚಿದಾಗಲೆಲ್ಲ ಶಾಖ ಹೋಗುತ್ತದೆ, ಬೂಜಿನ ಎಳೆ ಹರಿಯುತ್ತದೆ.

ತೇವ ನೋಡಲು ಯಂತ್ರ ಬೇಡ. ಒಂದು ಹಿಡಿ ತೆಗೆದು ಮುಷ್ಟಿ ಬಿಗಿದು ಹಿಂಡಿ. ಒಂದೆರಡು ಹನಿ ಬಂದರೆ ಸರಿ, ಧಾರೆಯಾದರೆ ರಟ್ಟು ಎಲೆ ಹಾಕಿ, ಉದುರಿಹೋದರೆ ನೀರು ಚಿಮುಕಿಸಿ. ಅಮೋನಿಯದ ಘಾಟು ಬಂದರೆ ಹಸಿ ಕಸ ಹೆಚ್ಚಾಗಿದೆ. ಕೊಳೆತ ಮೊಟ್ಟೆಯ ನಾತ ಬಂದರೆ ಗಾಳಿಯಿಲ್ಲ. ಮೂಗು ಹತ್ತಿರ ತಂದಾಗ ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಆಕ್ಟಿನೊಮೈಸಿಟ್ ಎಂಬ ಬ್ಯಾಕ್ಟೀರಿಯಾಗಳು ಕೆಲಸಕ್ಕಿಳಿದಿವೆ ಎಂದರ್ಥ. ಆ ವಾಸನೆಯ ಜಿಯೋಸ್ಮಿನ್ ಅವುಗಳದ್ದೇ ತಯಾರಿ.

ಹಣ್ಣಿನ ನೊಣಗಳ ಕಾಟಕ್ಕೆ ಮದ್ದು ಸುಲಭ: ಸಿಪ್ಪೆ ಹಾಕಿದ ಮೇಲೆ ಅದು ಕಾಣದಷ್ಟು ಎಲೆ ಮುಚ್ಚಬೇಕು. ಕೆಲವೊಮ್ಮೆ ಬೂದುಬಣ್ಣದ, ದಪ್ಪ ಚರ್ಮದ ಹುಳುಗಳು ರಾಶಿ ರಾಶಿ ಕಾಣಿಸುತ್ತವೆ. ಅವು ಕಪ್ಪು ಸೈನಿಕ ನೊಣದ ಮರಿಗಳು. ನೋಡಲು ಅಸಹ್ಯ, ಕೆಲಸದಲ್ಲಿ ಕಳ್ಳತನವಿಲ್ಲ. ಕೊಲ್ಲಬೇಡಿ. ಒಣ ಕಸ ಹೆಚ್ಚಿಸಿದರೆ ತಾವೇ ಕಡಿಮೆಯಾಗುತ್ತವೆ.

ಈಗ ಎರಡನೆಯ ಅರ್ಧ. ಖಾನೆಯೊಳಗೆ ಸಿಪ್ಪೆ ಇದು, ಎಲೆ ಇದು ಎಂದು ಗುರುತು ಸಿಗದ ಹಾಗಾದಾಗ ಅದನ್ನು ತೆಗೆದು ಹಿತ್ತಿಲ ಮೂಲೆಯ ಗುಡ್ಡೆಗೆ ಹಾಕುತ್ತೇನೆ. ಪೆಟ್ಟಿಗೆಯ ಮಾತಿನ ಪ್ರಕಾರ ಅದು ಸಿದ್ಧ ಗೊಬ್ಬರ. ನನ್ನ ಪ್ರಕಾರ ಅದು ಹಸುಗೂಸು. ಇನ್ನೂ ಒಳಗೆ ಕೊಳೆಯುವಿಕೆ ನಡೆದಿರುವ ಗೊಬ್ಬರವನ್ನು ಬೇರಿಗೆ ಹಾಕಿದರೆ ಮಣ್ಣಿನ ಸಾರಜನಕವನ್ನು ಅದೇ ಎಳೆದುಕೊಳ್ಳುತ್ತದೆ, ಎಲೆ ಹಳದಿಯಾಗುತ್ತದೆ. ಗುಡ್ಡೆಗೆ ತಳವಿಲ್ಲ, ಮಣ್ಣೇ ತಳ. ಎರೆಹುಳು, ಜರಿ, ಸಾವಿರಕಾಲಿನ ಹುಳು, ಬೂಜು ಎಲ್ಲ ಕೆಳಗಿನಿಂದ ಏರಿ ಬರುತ್ತವೆ. ಡ್ರಮ್ಮು ನೆಲ ಬಿಟ್ಟು ನಿಂತಿರುವುದರಿಂದ ಇವುಗಳಲ್ಲಿ ಹೆಚ್ಚಿನವಕ್ಕೆ ಅಲ್ಲಿಗೆ ದಾರಿಯೇ ಇಲ್ಲ. ಈ ಡ್ರಮ್ ಕೆಲಸ ಮುಗಿಸದೆ ಇರುವುದಕ್ಕೆ ನನಗೆ ಕಂಡ ಮುಖ್ಯ ಕಾರಣ ಇದೇ. ಎಷ್ಟು ಒಳ್ಳೆ ಅಚ್ಚು, ಎಷ್ಟು ಒಳ್ಳೆ ರೆಕ್ಕೆ ಕೊಟ್ಟರೂ ಇದಕ್ಕೆ ಪರಿಹಾರವಿಲ್ಲ.

ಗುಡ್ಡೆಯ ತಳಕ್ಕೆ ಆರು ಮಿಲಿಮೀಟರ್ ಕಣ್ಣಿನ ತಂತಿಬಲೆ ಹಾಸಿದರೆ ಇಲಿ ಕೆಳಗಿನಿಂದ ಕೊರೆಯಲಾರದು, ಎರೆಹುಳುವಿಗೆ ತೊಂದರೆಯಿಲ್ಲ. ಮೇಲೆ ಹಳೆಯ ಗೋಣಿಚೀಲ. ಕನಿಷ್ಠ ಒಂದು ತಿಂಗಳು ಮುಟ್ಟಬಾರದು, ಎರಡು ಮೂರು ತಿಂಗಳಾದರೆ ಇನ್ನೂ ಒಳ್ಳೆಯದು. ಗೊಬ್ಬರ ಮಾಗಿತೋ ಇಲ್ಲವೋ ನೋಡಲು ಒಂದು ಡಬ್ಬದಲ್ಲಿ ಅದನ್ನು ತುಂಬಿ ಮೂಲಂಗಿ ಬೀಜ ಹಾಕಿ, ಇನ್ನೊಂದರಲ್ಲಿ ತೋಟದ ಮಣ್ಣಿಗೆ ಅಷ್ಟೇ ಬೀಜ ಹಾಕಿ. ಎರಡರಲ್ಲೂ ಒಂದೇ ರೀತಿ ಮೊಳೆತರೆ ಬಳಸಬಹುದು. ಹುರುಳಿಕಾಯಿ ಬೀಜವನ್ನೂ ಹಾಕಿ ನಾಲ್ಕು ಎಲೆ ಬರುವ ತನಕ ಕಾದರೆ, ಮೇಲೆ ಹೇಳಿದ ಕಳೆನಾಶಕದ ಪರೀಕ್ಷೆಯೂ ಆಯಿತು.

ಮಾರಿದವರ ಸೇವೆಯ ಬಗ್ಗೆ ಎರಡು ಮಾತು. ಬಾಗಿಲೊಂದು ಸೀಳಿ ಬಂದಿತ್ತು. ಫೋಟೊ ಕಳಿಸಿ ಎಂದರು, ಕಳಿಸಿದೆ. ಬೇರೆ ಕೋನದಿಂದ ಕಳಿಸಿ ಎಂದರು, ಕಳಿಸಿದೆ. ಕೊನೆಗೆ ಹೊಸ ಬಾಗಿಲು ಬಂತು, ಬಣ್ಣ ಬೇರೆ. ನಡೆಯುತ್ತದೆ.

ಯಾರು ಕೊಳ್ಳಬಹುದು? ಇಲಿ ಕಾಟವಿರುವ ಮನೆಯವರು, ಸಲಿಕೆ ಹಿಡಿದು ಬಗ್ಗಿ ಮಗುಚಲು ಆಗದವರು, ಪಕ್ಕದ ಮನೆಗೆ ವಾಸನೆ ಹೋಗಬಾರದು ಎನ್ನುವವರು. ಹಿತ್ತಿಲು ದೊಡ್ಡದಿದ್ದು ಎಲೆ, ಹುಲ್ಲು ಬುಟ್ಟಿಗಟ್ಟಲೆ ಬೀಳುವವರಿಗೆ ಈ ಡ್ರಮ್ ಸಾಲದು. ಅವರು ತಂತಿಬಲೆಯನ್ನು ಒಂದು ಮೀಟರ್ ಅಗಲದ ವೃತ್ತವಾಗಿ ಸುತ್ತಿ ನಿಲ್ಲಿಸಲಿ, ನೇರ ಅದಕ್ಕೇ ತುಂಬಲಿ. ಮಣ್ಣಿನ ನೆಲವೇ ಇಲ್ಲದ, ಬರೀ ಬಾಲ್ಕನಿಯಿರುವವರು ಇದನ್ನು ಕೊಂಡರೆ ಅರೆಕೊಳೆತ ಗೊಬ್ಬರವನ್ನು ಮಾಗಿಸಲು ಮುಚ್ಚಳಕ್ಕೆ ತೂತು ಕೊರೆದ ಇನ್ನೊಂದು ಡಬ್ಬ ಇಟ್ಟುಕೊಳ್ಳಲೇಬೇಕು. ಅದಕ್ಕೆ ಜಾಗವಿದೆಯೇ ಎಂದು ಮೊದಲು ಅಳೆಯಿರಿ.

ಅಂಗಡಿಯಲ್ಲಿ ನೋಡುವಾಗ ಹೀಗೆ ಮಾಡಿ: ಖಾಲಿ ಡ್ರಮ್ಮನ್ನು ತಿರುಗಿಸಿ ನೋಡಬೇಡಿ, ಖಾಲಿ ಇದ್ದಾಗ ಎಲ್ಲವೂ ತಿರುಗುತ್ತವೆ. ಬಾಗಿಲು ತೆರೆದು ಒಳಗೆ ಕೈ ಹಾಕಿ ರೆಕ್ಕೆಯನ್ನು ಹಿಡಿದು ಅಲುಗಿಸಿ. ರೆಕ್ಕೆ ಮೈಯ ಜೊತೆಗೇ ಎರಕವಾಗಿದ್ದರೆ ತೆಗೆದುಕೊಳ್ಳಿ. ಬರೀ ಕೊಂಡಿ ಸಿಕ್ಕಿಸಿ ನಿಲ್ಲಿಸಿದ್ದರೆ, ಐವತ್ತು ಕೆಜಿ ಹಸಿ ಎಲೆ ಬಿದ್ದ ದಿನ ಅದು ಕಳಚುತ್ತದೆ, ಬೇರೆಯದು ನೋಡಿ.